ಸ್ವಾಧೀನವೂ ಪತ್ರವೂ: ಚಳ್ಳಕೆರೆ–ಮೊಳಕಾಲ್ಮುರು ಸೀಮೆಯ ಮನೆಮಾರಿನ ಪ್ರಶ್ನೆಗಳು

ಮನೆಯನ್ನು ಬಾಡಿಗೆಗೆ ಹಿಡಿಯುವವನೂ ಕೊಳ್ಳುವವನೂ ಮಾರುವವನೂ ಕೇಳುವ ಪ್ರಶ್ನೆಗಳು ಎಲ್ಲ ಊರುಗಳಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿದ್ದರೂ, ಅವುಗಳಿಗೆ ದೊರೆಯುವ ಉತ್ತರಗಳು ಮಾತ್ರ ಆಯಾ ನೆಲದ ಚರಿತ್ರೆಯನ್ನು ಅನುಸರಿಸಿಯೇ ಇರುತ್ತವೆ. ಚಿತ್ರದುರ್ಗ ಜಿಲ್ಲೆಯ ಪೂರ್ವೋತ್ತರದ ಅಂಚಿನಲ್ಲಿ, ಒಂದು ಮಗ್ಗುಲಿಗೆ ಬಳ್ಳಾರಿಯನ್ನೂ ಮತ್ತೊಂದು ಮಗ್ಗುಲಿಗೆ ಆಂಧ್ರದ ರಾಯದುರ್ಗ, ಕಲ್ಯಾಣದುರ್ಗಗಳನ್ನೂ ತಾಗಿಕೊಂಡು, ಆಕಾಶದ ಕಡೆ ನೋಡುವುದನ್ನೇ ವರ್ಷದ ಅರ್ಧ ಕಸುಬಾಗಿ ಮಾಡಿಕೊಂಡಿರುವ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಮನೆಯ ಒಡೆತನವೆಂಬುದು ತಲೆತಲಾಂತರದಿಂದ ಸ್ವಾಧೀನದ ಮೇಲೆಯೂ ನೆರೆಹೊರೆಯವರ ಬಾಯಿಮಾತಿನ ಮೇಲೆಯೂ ನಿಂತುಕೊಂಡು ಬಂದದ್ದು. ಪತ್ರದ ಮೇಲೆ ನಿಲ್ಲತೊಡಗಿದುದು ತೀರ ಈಚೆಗೆ. ಈ ಎರಡು ಆಧಾರಗಳು ಪರಸ್ಪರ ಒಪ್ಪದೆ ಹೋದ ಎಡೆಗಳಲ್ಲಿಯೇ ಇಲ್ಲಿಯ ಮನೆಮಾರಿನ ಪ್ರಶ್ನೆಗಳೆಲ್ಲ ಹುಟ್ಟಿವೆಯೆಂದೂ, ಯಾರ ಸ್ವಾಧೀನ ಅತ್ಯಂತ ಹಳೆಯದೋ ಅವರ ಕೈಯಲ್ಲಿಯೇ ಪತ್ರ ಅತ್ಯಂತ ಕಡಮೆಯೆಂದೂ ತೋರಿಸುವುದು ಈ ಸಮೀಕ್ಷೆಯ ಉದ್ದೇಶ.

ಹಳೆಯ ಮನೆಯ ಸ್ವರೂಪವನ್ನು ಮೊದಲು ನೆನೆಯಬೇಕು. ಕಲ್ಲುಮಣ್ಣಿನ ದಪ್ಪ ಗೋಡೆ, ಮರದ ಕಂಬ ತೊಲೆ ಜಂತೆ, ಅವುಗಳ ಮೇಲೆ ಚೌಳುಮಣ್ಣು ಹರಡಿ ಬಡಿದ ಮಾಳಿಗೆ, ನಡುಮನೆಗೆ ಬೆಳಕನ್ನಿಳಿಸುವ ಗವಾಕ್ಷಿ, ಅಂಗಳದಲ್ಲೋ ಬೀದಿಯ ಮಗ್ಗುಲಲ್ಲೋ ಧಾನ್ಯ ತುಂಬುವ ಹಗೇವು. ಇಂತಹ ಮನೆಯನ್ನು ಅಡಿಗಳಲ್ಲಿ ಅಳೆಯುವ ವಾಡಿಕೆಯಿರಲಿಲ್ಲ. ಕಂಬದಿಂದ ಕಂಬಕ್ಕೆ ಎಣಿಸಿ, ಮೂರಂಕಣದ ಮನೆ, ಐದಂಕಣದ ಮನೆ ಎಂದು ಹೇಳುತ್ತಿದ್ದರು. ಅಣ್ಣತಮ್ಮಂದಿರು ಬೇರೆಯಾದಾಗ ಅಂಕಣಗಳನ್ನು ಹಂಚಿಕೊಂಡು ನಡುವೆ ಒಂದು ಗೋಡೆ ಎಬ್ಬಿಸಿದರೆ ವಿಭಾಗ ಮುಗಿಯಿತು. ಆ ಗೋಡೆಯನ್ನು ಕಂಡ ಹಿರಿಯರು ಬದುಕಿರುವವರೆಗೆ ಬೇರೆ ದಸ್ತಾವೇಜು ಬೇಕಿರಲಿಲ್ಲ. ಅವರು ತೀರಿಕೊಂಡ ಮೇಲೆ, ಮೊಮ್ಮಕ್ಕಳ ಕಾಲದಲ್ಲಿ, ಬ್ಯಾಂಕಿನವರು ಬಂದು ವಿಭಾಗಪತ್ರವೆಲ್ಲಿ ಎಂದು ಕೇಳಿದಾಗ ಆ ಗೋಡೆಗೆ ಬಾಯಿ ಬರಲಿಲ್ಲ. ಮೊಳಕಾಲ್ಮುರಿನ ಸಮೀಪದ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ತನ್ನ ಮಾತನ್ನು ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಕೆತ್ತಿಸಿಟ್ಟಿದ್ದನ್ನು ನೋಡಿದರೆ, ಬರೆಹದಲ್ಲಿ ಇಷ್ಟು ಹಿಂದೆಯೇ ಪಳಗಿದ ನೆಲದಲ್ಲಿ ಮನೆಯ ಮೂಲಪತ್ರವೊಂದನ್ನು ಇಲಿ ಕಡಿಯದಂತೆ ಇಟ್ಟುಕೊಳ್ಳುವುದು ಇಷ್ಟು ದುಸ್ತರವಾದುದೇಕೆಂದು ಸೋಜಿಗವಾಗುವುದು.

ಬಾಡಿಗೆಯೆಂಬ ವ್ಯವಹಾರ ಈ ಸೀಮೆಗೆ ಬಂದುದು ಮುಖ್ಯವಾಗಿ ಚಳ್ಳಕೆರೆಯ ಎಣ್ಣೆಯೊಡನೆ. ಸುತ್ತಣ ಹೊಲಗಳ ಶೇಂಗಾ ಗಾಣ ಗಿರಣಿಗಳಿಗೆ ಹರಿದು ಬಂದು, ಊರಿಗೆ ಎಣ್ಣೆ ನಗರಿಯೆಂದೂ ಎರಡನೆಯ ಮುಂಬಯಿಯೆಂದೂ ಹೆಸರು ಬಂದ ದಿನಗಳಲ್ಲಿ ವರ್ತಕರು, ಗುಮಾಸ್ತರು, ಹಮಾಲರು, ಲಾರಿಯವರು ಪರಸ್ಥಳಗಳಿಂದ ಬಂದು ನೆಲಸಿದರು; ಅವರ ಬೆನ್ನಿಗೆ ಉಪಾಧ್ಯಾಯರೂ ಸರ್ಕಾರಿ ನೌಕರರೂ ಬಂದರು. ಅನಂತರ ಹೊರದೇಶದ ತಾಳೆ ಎಣ್ಣೆ ಅಗ್ಗವಾಗಿ ಒಳನುಗ್ಗಿ, ಮೇಲಿಂದ ಮೇಲೆ ಬರವೂ ಬಡಿದು, ಗಿರಣಿಗಳು ಒಂದೊಂದಾಗಿ ಮುಚ್ಚಿದರೂ ಬಾಡಿಗೆಯ ವ್ಯವಹಾರ ನಿಲ್ಲಲಿಲ್ಲ. ಈಗ ಹಳ್ಳಿಗಳಿಂದ ಮಕ್ಕಳ ಓದಿಗಾಗಿ ಊರಿಗೆ ಬಂದು ಎರಡು ಕೋಣೆಗಳ ಮನೆಯೊಂದನ್ನು ಹಿಡಿದು, ಅಜ್ಜಿಯನ್ನು ಅಡಿಗೆಗೆ ಕೂರಿಸಿ, ತಾವು ಹೊಲಕ್ಕೆ ಹಿಂದಿರುಗುವ ಸಂಸಾರಗಳೇ ಬಹಳ.

ಬಾಡಿಗೆದಾರನ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ನೀರಿನದು. ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಮನೆಗೆ ಸಂಪು ಉಂಟೇ, ಕೊಳವೆಬಾವಿಯಿದ್ದರೆ ಬೇಸಗೆಯಲ್ಲಿ ನಿಲ್ಲುತ್ತದೆಯೇ ಎಂಬುದನ್ನು ವಿಚಾರಿಸದೆ ಮುಂಗಡ ಕೊಟ್ಟವನು ಬಾಡಿಗೆಯ ಮೇಲೆ ಟ್ಯಾಂಕರಿನ ಹಣವನ್ನೂ ಕೊಟ್ಟು ಕಲಿಯಬೇಕಾಗುವುದು. ಎರಡನೆಯ ಪ್ರಶ್ನೆಯನ್ನು ಒಡೆಯನೇ ಕೇಳುತ್ತಾನೆ: ‘ನೀವು ಯಾವ ಜನ?’ ಮನೆ ಖಾಲಿಯಿದೆಯೆಂದು ಹಲಗೆ ತೂಗುತ್ತಿದ್ದರೂ ಈ ಪ್ರಶ್ನೆಯ ಉತ್ತರ ಕೇಳಿದೊಡನೆ ‘ನಿನ್ನೆಯೇ ಬೇರೆಯವರಿಗೆ ಒಪ್ಪಿಕೊಂಡೆವು’ ಎಂಬ ಮಾತು ಹೊರಡುವುದನ್ನು ಈ ಊರುಗಳಲ್ಲಿ ಮಾತ್ರವಲ್ಲ, ಬೆಂಗಳೂರಿನಲ್ಲಿಯೂ ಕೇಳಬಹುದು. ಸಸ್ಯಾಹಾರದ ಹೆಸರಿನಲ್ಲಿ ನಡೆಯುವ ಈ ಜಾತಿಪರೀಕ್ಷೆಯನ್ನು ನಯವಾದ ಮಾತುಗಳಿಂದ ಮುಚ್ಚುವ ಅಗತ್ಯವಿಲ್ಲ. ಎರಡು ವಿಧಾನಸಭಾ ಕ್ಷೇತ್ರಗಳೂ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿರುವ, ದುಡಿಯುವ ಜನರೇ ಹೆಚ್ಚಾಗಿರುವ ಸೀಮೆಯಲ್ಲಿ ಅದು ಇನ್ನೂ ನಾಚಿಕೆಗೇಡಿನದು. ಇನ್ನು ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲವಾದುದರಿಂದ, ಆ ತಿಂಗಳಿನಲ್ಲಿ ಮಾತುಕತೆ ನಡೆಸಿ ಶ್ರಾವಣದಲ್ಲಿ ಹಾಲುಕ್ಕಿಸುವವನಿಗೆ ಬಾಡಿಗೆ ಒಂದಿಷ್ಟು ಇಳಿದು ದೊರೆಯುವುದುಂಟು. ಶಾಸ್ತ್ರದಿಂದ ಲಾಭ ಪಡೆಯುವ ಕೆಲವೇ ಮಾರ್ಗಗಳಲ್ಲಿ ಇದೊಂದು.

ಕರಾರುಪತ್ರ ಬೇಕೇ, ಹನ್ನೊಂದು ತಿಂಗಳೇ ಏಕೆ ಎಂಬುದು ಮುಂದಿನ ಪ್ರಶ್ನೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆಯೂ 1908ರ ನೋಂದಣಿ ಕಾಯ್ದೆಯಂತೆಯೂ ಒಂದು ವರ್ಷವನ್ನು ಮೀರುವ ಗೇಣಿ ಕರಾರುಗಳಿಗೆ ನೋಂದಣಿ ಕಡ್ಡಾಯ. ಆ ಕಟ್ಟುಪಾಡಿನಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಹನ್ನೊಂದು ತಿಂಗಳ ಪದ್ಧತಿ ಹುಟ್ಟಿತೇ ಹೊರತು ಅದರಲ್ಲಿ ಬೇರೆ ರಹಸ್ಯವಿಲ್ಲ. ಪತ್ರವೇ ಇಲ್ಲದೆ ತಿಂಗಳ ಬಾಡಿಗೆ ಕೊಟ್ಟು ವಾಸಿಸುವವನನ್ನೂ ರಾತ್ರೋರಾತ್ರಿ ಹೊರಹಾಕುವಂತಿಲ್ಲ. ಹದಿನೈದು ದಿನಗಳ ನೋಟೀಸು ಕೊಡಬೇಕು, ಅವನು ಬಿಡದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು. ಸಾಮಾನನ್ನು ಬೀದಿಗೆ ಎಸೆಯುವುದಕ್ಕಾಗಲಿ ವಿದ್ಯುತ್ತು ಕಡಿಯುವುದಕ್ಕಾಗಲಿ ಒಡೆಯನಿಗೆ ಅಧಿಕಾರವಿಲ್ಲ. ಮಾಳಿಗೆ ಸೋರಿದರೆ ಯಾರು ಮಣ್ಣು ಹಾಕಿಸಬೇಕೆಂಬ ಜಗಳ ಇಲ್ಲಿ ಮೃಗಶಿರದ ಮೊದಲ ಹನಿಯೊಡನೆ ಆರಂಭವಾಗುವುದು. ಒಡೆಯನ ಹೊಣೆಗೆ ಸೇರಿದ ದುರಸ್ತಿಯನ್ನು ಅವನು ತಿಳಿವಳಿಕೆ ಕೊಟ್ಟ ಮೇಲೆಯೂ ಮಾಡಿಸದಿದ್ದರೆ, ಬಾಡಿಗೆದಾರನು ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದೆಂದು ಅದೇ 1882ರ ಕಾಯ್ದೆ ಹೇಳಿರುವುದನ್ನು ಬಲ್ಲವರು ಕಡಮೆ. 2023ರ ಗೃಹಜ್ಯೋತಿಯೆಂಬ ಉಚಿತ ವಿದ್ಯುತ್ತಿನ ಯೋಜನೆ ಬಾಡಿಗೆದಾರನಿಗೂ ಸಲ್ಲುತ್ತದೆಯೆಂಬುದು ಎಲ್ಲರಿಗೂ ಗೊತ್ತು. ಮನೆ ಬಿಡುವಾಗ ಆ ಮೀಟರಿನಿಂದ ತನ್ನ ಆಧಾರ್ ಸಂಖ್ಯೆಯನ್ನು ಬಿಡಿಸಿಕೊಂಡು ಹೋಗಬೇಕೆಂಬುದು, ಹೊಸ ಮನೆಯಲ್ಲಿ ಮೊದಲ ಬಿಲ್ಲು ಕೈಗೆ ಬಂದಾಗ ಗೊತ್ತಾಗುತ್ತದೆ.

ಮನೆಯೊಡೆಯರಲ್ಲಿ ಬೇರೂರಿರುವ ಒಂದು ಭಯವನ್ನು ಇಲ್ಲಿಯೇ ನಿವಾರಿಸಬೇಕು. ಹನ್ನೆರಡು ವರ್ಷ ಒಬ್ಬನೇ ಇದ್ದರೆ ಮನೆ ಅವನದೇ ಆಗಿಬಿಡುವುದೆಂದು ನಂಬಿ, ಒಳ್ಳೆಯ ಬಾಡಿಗೆದಾರನನ್ನು ಹತ್ತನೆಯ ವರ್ಷಕ್ಕೆ ಎಬ್ಬಿಸುವವರಿದ್ದಾರೆ. ಹನ್ನೆರಡು ವರ್ಷಗಳ ಅವಧಿ 1963ರ ಕಾಲಮಿತಿ ಕಾಯ್ದೆಯಲ್ಲಿ ಉಂಟು, ನಿಜ. ಆದರೆ ಅದು ಒಡೆಯನ ಹಕ್ಕನ್ನು ಬಹಿರಂಗವಾಗಿ ಧಿಕ್ಕರಿಸಿ ಸ್ವತ್ತನ್ನು ಅನುಭವಿಸಿದವನಿಗೆ ಸಂಬಂಧಿಸಿದ್ದು. ಬಾಡಿಗೆ ಕೊಟ್ಟು ಇರುವವನು ಒಡೆಯನ ಅನುಮತಿಯಿಂದ ಇರುವವನು. ಅವನು ಮೂವತ್ತು ವರ್ಷ ಇದ್ದರೂ ಬಾಡಿಗೆದಾರನೇ. ಬಾಡಿಗೆಯನ್ನು ಬ್ಯಾಂಕಿನ ಮೂಲಕ ಪಡೆದು, ರಸೀತಿ ಕೊಟ್ಟು, ಕರಾರನ್ನು ಆಗಾಗ ಹೊಸದು ಮಾಡಿಕೊಳ್ಳುತ್ತಿದ್ದರೆ ಈ ವಿಷಯದಲ್ಲಿ ಒಡೆಯನು ನಿದ್ರೆಗೆಡಬೇಕಾದುದಿಲ್ಲ.

ಮೊಳಕಾಲ್ಮುರಿನ ನೇಕಾರರ ಸಂಗತಿ ಬೇರೆ. ಭೌಗೋಳಿಕ ಗುರುತು ಪಡೆದ ಆ ಊರಿನ ರೇಷ್ಮೆ ಸೀರೆ ಹುಟ್ಟುವುದು ಮನೆಯೊಳಗಿನ ಗುಂಡಿಮಗ್ಗದಲ್ಲಿ. ನೇಕಾರನು ಕುಳಿತು ಕಾಲಾಡಿಸುವ ಗುಂಡಿಯನ್ನು ನೆಲದಲ್ಲಿಯೇ ತೋಡಬೇಕು, ಹಾಸು ಹೂಡಲು ಉದ್ದದ ಪಡಸಾಲೆ ಬೇಕು, ಬಣ್ಣ ತಿಳಿಯುವಷ್ಟು ಬೆಳಕು ಬೇಕು, ರೇಷ್ಮೆಯ ಮೇಲೆ ಮಾಳಿಗೆಯ ಮಣ್ಣು ಉದುರಬಾರದು. ಸಿಮೆಂಟಿನ ನೆಲ, ಚಿಕ್ಕ ಚಿಕ್ಕ ಕೋಣೆಗಳ ಹೊಸ ಮನೆಯನ್ನು ಕಟ್ಟಿದವನು ನೆಲ ಅಗೆಯುವುದಕ್ಕೆ ಒಪ್ಪುವುದಿಲ್ಲ. ಒಪ್ಪಿದವನು ಅದೇ ನೆಪದಿಂದ ಬಾಡಿಗೆ ಏರಿಸುತ್ತಾನೆ. ಮನೆ ಬಿಡುವುದೆಂದರೆ ನೇಕಾರನಿಗೆ ಮಗ್ಗ ಬಿಚ್ಚುವುದು, ಅರ್ಧ ನೇಯ್ದ ಹಾಸನ್ನು ಕೆಡಿಸುವುದು, ಹೊಸ ಗುಂಡಿ ಒಣಗುವವರೆಗೆ ಕೂಲಿಯಿಲ್ಲದೆ ಕೂರುವುದು. ಆದುದರಿಂದ ಇಲ್ಲಿ ಕರಾರು ಬರೆಯುವಾಗ ಗುಂಡಿಯ ಅನುಮತಿ, ಅದನ್ನು ಮುಚ್ಚಿಸುವ ಖರ್ಚು ಯಾರದು, ನೋಟೀಸಿನ ಅವಧಿ ಕೈಯಲ್ಲಿರುವ ಹಾಸು ಮುಗಿಯುವಷ್ಟು ಇರತಕ್ಕದ್ದು ಎಂಬ ಮೂರು ಮಾತುಗಳನ್ನು ಸೇರಿಸಬೇಕೆಂದು ಹೇಳಲು ಅಡ್ಡಿಯಿಲ್ಲ. ಹದಿನೈದು ದಿನಗಳೆಂಬ ಕಾಯ್ದೆಯ ಅವಧಿ ಇಬ್ಬರ ನಡುವೆ ಬೇರೆ ಒಪ್ಪಂದವಿಲ್ಲದಾಗ ಮಾತ್ರ ಅನ್ವಯಿಸುವುದು. ಹೆಚ್ಚಿನ ಅವಧಿಯನ್ನು ಬರೆದುಕೊಳ್ಳುವುದಕ್ಕೆ ಯಾರ ತಡೆಯೂ ಇಲ್ಲ.

ಬಾಡಿಗೆಗಿಂತ ಅಪಾಯಕರವಾದುದು ಭೋಗ್ಯ. ಒಂದು ಮೊತ್ತವನ್ನು ಒಡೆಯನಿಗೆ ಒಟ್ಟಾಗಿ ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸಿಸಿ, ಬಿಡುವಾಗ ಅದೇ ಮೊತ್ತವನ್ನು ಹಿಂದಕ್ಕೆ ಪಡೆಯುವ ಈ ಪದ್ಧತಿಯನ್ನು ಈಗಿನವರು ಲೀಸೆಂದು ಕರೆಯುತ್ತಾರೆ. ನಿವೃತ್ತಿಯ ಹಣವೋ ಹೊಲ ಮಾರಿದ ಹಣವೋ ಕೈಯಲ್ಲಿರುವವನಿಗೆ ಬಾಡಿಗೆ ಉಳಿಯಿತೆಂಬ ಸಂತೋಷ. ಮಗಳ ಮದುವೆಗೋ ಕೊಳವೆಬಾವಿಗೋ ಹಣ ಬೇಕಾದ ಒಡೆಯನಿಗೆ ಬಡ್ಡಿಯಿಲ್ಲದ ಸಾಲ ಸಿಕ್ಕಿತೆಂಬ ಸಂತೋಷ. ಕಾಯ್ದೆಯ ದೃಷ್ಟಿಯಲ್ಲಿ ಭೋಗ್ಯವು ಆಧಾರಪತ್ರದ ಒಂದು ಬಗೆ. ನೂರು ರೂಪಾಯಿಗೆ ಮೇಲ್ಪಟ್ಟ ಮೊತ್ತದ್ದಾದರೆ ನೋಂದಣಿಯಾಗತಕ್ಕದ್ದು. ಆದರೆ ನಡೆಯುತ್ತಿರುವುದೇನು? ಲಕ್ಷಗಟ್ಟಲೆ ಹಣಕ್ಕೆ ಒಂದು ಛಾಪಾಕಾಗದ, ಇಬ್ಬರು ಸಾಕ್ಷಿಗಳ ರುಜು, ಅಷ್ಟೆ. ಅದೇ ಮನೆಯನ್ನು ಒಡೆಯನು ಮೊದಲೇ ಬ್ಯಾಂಕಿಗೆ ಆಧಾರ ಮಾಡಿ, ಕಂತು ನಿಲ್ಲಿಸಿ, 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕಿನವರು ಬಾಗಿಲಿಗೆ ನೋಟೀಸು ಅಂಟಿಸಿದ ದಿನ, ಭೋಗ್ಯದಾರನ ಹಣಕ್ಕೆ ಆ ಮನೆಯ ಮೇಲೆ ಹೇಳಿಕೊಳ್ಳುವಂತಹ ಹಕ್ಕು ಯಾವುದೂ ಉಳಿದಿರುವುದಿಲ್ಲ. ಒಡೆಯನನ್ನು ಹುಡುಕಿಕೊಂಡು ಅಲೆಯುವುದೊಂದೇ ಗತಿ. ಭೋಗ್ಯಕ್ಕೆ ಹಣ ಕೊಡುವವನು ತಾನು ಬಾಡಿಗೆದಾರನಲ್ಲ, ಸಾಲಿಗನೆಂದು ಭಾವಿಸಿಕೊಂಡು, ಸಾಲ ಕೊಡುವವನ ಎಚ್ಚರವನ್ನೆಲ್ಲ ವಹಿಸತಕ್ಕದ್ದು: ಋಣಭಾರ ಪತ್ರ ನೋಡದೆ, ನೋಂದಣಿ ಮಾಡಿಸದೆ ಒಂದು ಕಾಸನ್ನೂ ಕೊಡಬಾರದು.

ಇದಕ್ಕಿಂತಲೂ ಕರುಣಾಜನಕವಾದುದು ಮುದ್ದತು ಕ್ರಯದ ಕಥೆ. ಬರಗಾಲದ ವರ್ಷ ಸಾಲಕ್ಕೆಂದು ಹೋದವನಿಗೆ ಸಾಹುಕಾರನು ‘ಆಧಾರಪತ್ರವೆಂದರೆ ತಕರಾರು, ಹೆಸರಿಗೆ ಒಂದು ಕ್ರಯಪತ್ರ ಮಾಡಿಕೊಡು, ಹಣ ತಂದ ದಿನ ತಿರುಗಿ ಬರೆದುಕೊಡುತ್ತೇನೆ’ ಎನ್ನುವನು. ಮಾತಿಗೆ ಬೆಲೆಯಿದ್ದ ಕಾಲದ ಮನುಷ್ಯ ಹೆಬ್ಬೆಟ್ಟು ಒತ್ತುವನು. ಸಂಸಾರವೂ ಅದೇ ಮನೆಯಲ್ಲಿ ಮುಂದುವರಿಯುವುದು. ಒಂದು ತಲೆಮಾರು ಕಳೆದ ಮೇಲೆ ಸಾಹುಕಾರನ ಮಗನು ಕ್ರಯಪತ್ರವನ್ನು ಹಿಡಿದುಕೊಂಡು ಬರುವನು. ಹೆಸರಿಗೆ ಕ್ರಯ, ನಿಜಕ್ಕೆ ಸಾಲವಾದ ಇಂತಹ ವ್ಯವಹಾರಗಳ ಬಗ್ಗೆ 1929ರಲ್ಲಿಯೇ ಕಾಯ್ದೆಗೆ ತಿದ್ದುಪಡಿಯಾಗಿ, ಹಿಂದಿರುಗಿಸುವ ಷರತ್ತು ಅದೇ ಕ್ರಯಪತ್ರದೊಳಗೆ ಬರೆಯಲ್ಪಟ್ಟಿದ್ದರೆ ಮಾತ್ರ ಅದು ಆಧಾರವೆಂದು ಎಣಿಸಲ್ಪಡತಕ್ಕದ್ದೆಂದು ವಿಧಿಸಲಾಯಿತು. ಬೇರೆ ಚೀಟಿಯಲ್ಲಿ ಬರೆದ ಮಾತಿಗೆ ಆ ಫಲವಿಲ್ಲ. ಬಾಯಲ್ಲಿ ಆಡಿದ ಮಾತನ್ನು ನ್ಯಾಯಾಲಯದಲ್ಲಿ ಸಾಧಿಸುವುದು ಬಲು ಕಷ್ಟ. ಸ್ವಾಧೀನವೊಂದನ್ನೇ ನಂಬಿದವರು ಪತ್ರ ಬಲ್ಲವರ ಕೈಯಲ್ಲಿ ಸೋತುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಕೊಳ್ಳುವವನ ಪ್ರಶ್ನೆಗಳಿಗೆ ಬರೋಣ. ‘ಖಾತೆ ಅವರ ಹೆಸರಿನಲ್ಲಿದೆ, ಕಂದಾಯ ಅವರೇ ಕಟ್ಟುತ್ತಿದ್ದಾರೆ, ಸಾಲದೇ?’ ಸಾಲದು. ಖಾತೆಯೆಂಬುದು ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕೆಂಬ ಲೆಕ್ಕವೇ ಹೊರತು ಹಕ್ಕಿನ ಮೂಲವಲ್ಲವೆಂದು ಸರ್ವೋಚ್ಚ ನ್ಯಾಯಾಲಯ ಎಷ್ಟೋ ಸಾರಿ ಹೇಳಿದೆ. ಹಕ್ಕು ಹುಟ್ಟುವುದು ನೋಂದಣಿಯಾದ ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳಿಂದಲೋ ಉತ್ತರಾಧಿಕಾರದಿಂದಲೋ. ಆ ಸರಪಳಿಯನ್ನು ಮೂವತ್ತು ವರ್ಷವಾದರೂ ಹಿಂದಕ್ಕೆ ಹಿಡಿದುಕೊಂಡು ಹೋಗಿ ನೋಡತಕ್ಕದ್ದು. ಆದರೂ ಖಾತೆಯನ್ನು ಕಡೆಗಣಿಸುವಂತಿಲ್ಲ. ಹಳ್ಳಿಗಳಲ್ಲಿ 2013ರಿಂದ ಇ-ಸ್ವತ್ತು, ನಗರಸಭೆ ಪಟ್ಟಣ ಪಂಚಾಯಿತಿಗಳಲ್ಲಿ ಇ-ಆಸ್ತಿ ಎಂಬ ಗಣಕೀಕೃತ ಖಾತೆಗಳು ಬಂದು, 2024ರ ಅಕ್ಟೋಬರಿನಿಂದ ಇ-ಖಾತೆಯಿಲ್ಲದ ಸ್ವತ್ತಿನ ಕ್ರಯಪತ್ರವನ್ನು ಉಪನೋಂದಣಾಧಿಕಾರಿಗಳು ಸ್ವೀಕರಿಸುವುದನ್ನೇ ನಿಲ್ಲಿಸಿದ್ದಾರೆ. ಚಳ್ಳಕೆರೆ ನಗರಸಭೆಯಲ್ಲಿಯೂ, ಮೊಳಕಾಲ್ಮುರು ಮತ್ತು ನಾಯಕನಹಟ್ಟಿಯ ಪಟ್ಟಣ ಪಂಚಾಯಿತಿಗಳಲ್ಲಿಯೂ, ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿಯೂ ಸಾಲು ನಿಂತವರಲ್ಲಿ ಬಹುಪಾಲಿನವರು ಹಳೆಯ ಅಂಕಣದ ಮನೆಗಳವರು. ಅಜ್ಜನ ಹೆಸರಿನಲ್ಲಿಯೇ ಉಳಿದ ಖಾತೆ, ಬಾಯಿಮಾತಿನ ವಿಭಾಗ, ಅಳತೆಯಿಲ್ಲದ ಚೆಕ್ಕುಬಂದಿ: ಈ ಮೂರರಲ್ಲಿ ಒಂದಾದರೂ ಅವರನ್ನು ತಡೆಯುತ್ತದೆ.

ಚೆಕ್ಕುಬಂದಿಯ ವಿಷಯದಲ್ಲಿ ಒಂದು ಮಾತು. ‘ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಹಿತ್ತಲು, ದಕ್ಷಿಣಕ್ಕೆ ಬೇವಿನ ಮರ’ ಎಂದು ಬರೆದ ಹಳೆಯ ಪತ್ರಗಳಲ್ಲಿ ಇಂಥವರೂ ಈಗಿಲ್ಲ, ಬೇವಿನ ಮರವೂ ಇಲ್ಲ. ಓಣಿಯನ್ನು ಇಬ್ಬರು ಸೇರಿ ಒತ್ತಿಕೊಂಡಿದ್ದಾರೆ. ಕೊಳ್ಳುವವನು ಸ್ಥಳದಲ್ಲಿ ನಿಂತು, ನೆರೆಯವರನ್ನು ಕರೆದು, ಟೇಪು ಹಿಡಿದು ಅಳೆಯಿಸಿ, ಪತ್ರದ ಅಳತೆಗೂ ನೆಲದ ಅಳತೆಗೂ ತಾಳೆ ನೋಡತಕ್ಕದ್ದು. ಬೀದಿಯ ಮಗ್ಗುಲಿನ ಹಳೆಯ ಹಗೇವೊಂದು ಅರ್ಧ ತುಂಬಿ ಮೇಲೆ ಮನೆ ಎದ್ದಿದ್ದರೆ, ಗೋಡೆ ಯಾವ ಮಳೆಗಾಲದಲ್ಲಿ ಕುಸಿಯುವುದೆಂದು ಹೇಳಬಲ್ಲವರು ಆ ನೆರೆಯವರೇ.

ಹೆಣ್ಣುಮಕ್ಕಳ ರುಜು ಬೇಕೇ ಎಂಬ ಪ್ರಶ್ನೆಯನ್ನು ದಲ್ಲಾಳಿಗಳು ಈಗಲೂ ತೇಲಿಸಿಬಿಡುತ್ತಾರೆ. ಬೇಕು. ಪಿತ್ರಾರ್ಜಿತ ಸ್ವತ್ತಿನಲ್ಲಿ ಅವಿವಾಹಿತ ಹೆಣ್ಣುಮಕ್ಕಳಿಗೆ ಸಮಭಾಗವನ್ನು ಕರ್ನಾಟಕವು 1994ರಲ್ಲಿಯೇ ಜಾರಿಗೆ ತಂದಿತ್ತು. 2005ರ ಕೇಂದ್ರ ತಿದ್ದುಪಡಿ ಅದನ್ನು ಎಲ್ಲ ಹೆಣ್ಣುಮಕ್ಕಳಿಗೂ ವಿಸ್ತರಿಸಿತು. ತಂದೆ 2005ಕ್ಕೆ ಮುನ್ನವೇ ತೀರಿಕೊಂಡಿದ್ದರೂ ಮಗಳ ಹಕ್ಕು ಹುಟ್ಟಿನಿಂದ ಬಂದುದೆಂದು 2020ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ ವಿನೀತಾ ಶರ್ಮಾ ಪ್ರಕರಣದಲ್ಲಿ ತೀರ್ಮಾನಿಸಿತು. ಈ ಸೀಮೆಯಲ್ಲಿ ಸಂಬಂಧಗಳು ರಾಜ್ಯದ ಗಡಿಯನ್ನು ನೋಡಿ ಬೆಳೆದವುಗಳಲ್ಲ. ಮೊಳಕಾಲ್ಮುರಿನ ಮಗಳು ರಾಯದುರ್ಗದಲ್ಲಿ, ಪರಶುರಾಂಪುರದ ಮಗಳು ಕಲ್ಯಾಣದುರ್ಗದಲ್ಲಿ, ಮನೆಮಾತು ಎರಡು ಕಡೆಯೂ ತೆಲುಗೋ ಕನ್ನಡವೋ ಎರಡೂ ಬೆರೆತದ್ದೋ. ಹಾಗೆ ಗಡಿಯಾಚೆ ಇರುವ ಅಕ್ಕತಂಗಿಯರು ‘ಏನೂ ಅನ್ನುವುದಿಲ್ಲ ಬಿಡಿ’ ಎಂಬ ಅಣ್ಣನ ಭರವಸೆಯ ಮೇಲೆ ಮನೆ ಕೊಂಡವನು ದಾವೆಯನ್ನೂ ಜೊತೆಗೇ ಕೊಂಡಂತೆ. ಸ್ವತ್ತು ಇರುವುದು ಇಲ್ಲಿಯಾದುದರಿಂದ ನೋಂದಣಿ ಇಲ್ಲಿಯೇ ಆಗಬೇಕು. ಬರಲಾರದ ಸೋದರಿ ತನ್ನ ಊರಿನ ಉಪನೋಂದಣಾಧಿಕಾರಿಯ ಮುಂದೆ ಅಧಿಕಾರಪತ್ರವನ್ನು ದೃಢೀಕರಿಸಿಕೊಟ್ಟು ಕಳುಹಿಸಬಹುದು. ಅಪ್ರಾಪ್ತ ವಯಸ್ಕರ ಸ್ವಂತ ಸ್ವತ್ತನ್ನಂತೂ ನ್ಯಾಯಾಲಯದ ಅನುಮತಿಯಿಲ್ಲದೆ ತಾಯಿ ತಂದೆಯರೂ ಮಾರುವಂತಿಲ್ಲ.

ನಿವೇಶನ ಕೊಳ್ಳುವವರ ವಿಷಯ ಇನ್ನೂ ಜಟಿಲ. ಕುದಾಪುರ, ಉಳ್ಳಾರ್ತಿ, ವರವು ಕಾವಲುಗಳ ಅಮೃತಮಹಲ್ ಹುಲ್ಲುಗಾವಲಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆಯೂ, ರಕ್ಷಣಾ ಸಂಶೋಧನಾ ಸಂಸ್ಥೆಗೆ ನಾಲ್ಕು ಸಾವಿರಕ್ಕೂ ಮೀರಿದ ಎಕರೆಗಳೂ, ಇನ್ನಿತರ ಸಂಸ್ಥೆಗಳಿಗೆ ಮತ್ತಷ್ಟೂ ಹಂಚಿಕೆಯಾಗಿ, 2017ರಲ್ಲಿ ವರವು ಕಾವಲಿನಲ್ಲಿ ವಿಮಾನ ಪರೀಕ್ಷಾ ನೆಲೆ ಆರಂಭವಾದಂದಿನಿಂದ, ಚಳ್ಳಕೆರೆಯ ಸುತ್ತ ನೆಲದ ಬೆಲೆಗೆ ವಿಜ್ಞಾನದ ಹೆಸರು ಸೇರಿಕೊಂಡಿದೆ. ತಲೆತಲಾಂತರದಿಂದ ಆ ಕಾವಲುಗಳಲ್ಲಿ ದನಕುರಿ ಮೇಯಿಸಿದವರ ಕೈಯಲ್ಲಿ ಪತ್ರವಿರಲಿಲ್ಲವಾದುದರಿಂದ ಅವರ ಮಾತು ಹಸಿರು ನ್ಯಾಯಪೀಠದವರೆಗೂ ಹೋಗಬೇಕಾಯಿತು. ಬೆಲೆ ಏರುವುದೆಂಬ ಆಸೆಯಿಂದ ಕೊಳ್ಳುವವರು ಕೇಳಬೇಕಾದುದು ಇಷ್ಟು: ಜಮೀನು ಭೂಕಂದಾಯ ಕಾಯ್ದೆಯ 95ನೆಯ ಪ್ರಕರಣದಂತೆ ವಾಸಕ್ಕೆ ಪರಿವರ್ತನೆಯಾಗಿದೆಯೇ, ಬಡಾವಣೆಯ ನಕ್ಷೆಗೆ ಮಂಜೂರಾತಿಯಿದೆಯೇ, ಐನೂರು ಚದರ ಮೀಟರಿಗೆ ಮೀರಿದ್ದರೆ ರೇರಾ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ? ಪರಿವರ್ತನೆಯಿಲ್ಲದ ಹೊಲದಲ್ಲಿ ಕಲ್ಲು ನೆಟ್ಟು ಮಾರಿದ ರೆವಿನ್ಯೂ ಸೈಟುಗಳಿಗೆ 2025ರಲ್ಲಿ ಸರ್ಕಾರ ಬಿ-ಖಾತೆಯನ್ನು ಕೊಡತೊಡಗಿತು. ಅದರಿಂದ ಸ್ಥಳೀಯ ಸಂಸ್ಥೆಗೆ ತೆರಿಗೆ ಬಂತು, ಕೊಂಡವನಿಗೆ ಧೈರ್ಯ ಬಂತು. ಬಡಾವಣೆ ಮಾತ್ರ ಸಕ್ರಮವಾಗಲಿಲ್ಲ.

ಈ ಎರಡು ತಾಲ್ಲೂಕುಗಳಲ್ಲಿ ಎಂದಿಗೂ ಮರೆಯಬಾರದ ಇನ್ನೊಂದು ಕಾಯ್ದೆ 1978ರದು: ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ, ಮಾಡಿದರೆ ಕ್ರಯ ರದ್ದಾಗಿ ಜಮೀನು ಮೂಲ ಮಂಜೂರುದಾರನಿಗೋ ಅವನ ವಾರಸುದಾರರಿಗೋ ಹಿಂದಿರುಗತಕ್ಕದ್ದು. ತಡವಾಗಿ ಬಂದ ಅರ್ಜಿಗಳನ್ನು ಒಪ್ಪಲಾಗದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದಾಗ ಕೊಂಡವರು ನಿಟ್ಟುಸಿರು ಬಿಟ್ಟರು. 2023ರ ತಿದ್ದುಪಡಿಯಿಂದ ಕಾಲಮಿತಿಯೇ ಇಲ್ಲವೆಂದು ರಾಜ್ಯ ವಿಧಿಸಿತು. ಅಂತಹ ಹೊಲದಲ್ಲಿ ಬಡಾವಣೆ ಎದ್ದು, ಹತ್ತು ಕೈ ಬದಲಾಗಿ, ಕಡೆಗೆ ಒಬ್ಬ ಉಪಾಧ್ಯಾಯನು ಸಾಲ ಮಾಡಿ ಮನೆ ಕಟ್ಟಿದ್ದರೆ ಅವನ ಸಂಕಟ ದೊಡ್ಡದೆಂಬುದನ್ನು ಒಪ್ಪಬೇಕು. ಆದರೂ ತಪ್ಪು ಕಾಯ್ದೆಯದಲ್ಲ. ಬಡವನಿಗೆ ಕೊಟ್ಟ ಭೂಮಿಯನ್ನು ಅಗ್ಗಕ್ಕೆ ಕಿತ್ತುಕೊಂಡ ಮೊದಲ ಕೊಳ್ಳುವವನದು. ಮಂಜೂರಾತಿಯ ಮೂಲವನ್ನು ತಾಲ್ಲೂಕು ಕಚೇರಿಯ ದಾಖಲೆಯಲ್ಲಿ ನೋಡದೆ ಇಲ್ಲಿ ಯಾವ ಸೈಟನ್ನೂ ಕೊಳ್ಳಬಾರದು. ಆಶ್ರಯ ಮನೆಗಳ ಹಕ್ಕುಪತ್ರದಲ್ಲಿರುವ ಪರಭಾರೆ ನಿಷೇಧದ ಷರತ್ತನ್ನು ಓದಿ ನೋಡದೆ ಬರಿಯ ಛಾಪಾಕಾಗದದ ಮೇಲೆ ಕೊಂಡವರ ಸ್ಥಿತಿಯೂ ಹೆಚ್ಚುಕಡಮೆ ಇದೇ; ಜಿ.ಪಿ.ಎ. ಎಂಬ ಸಾಮಾನ್ಯ ಅಧಿಕಾರಪತ್ರದ ಮೂಲಕ ನಡೆದ ಮಾರಾಟದಿಂದಲೂ ಒಡೆತನ ಬರುವುದಿಲ್ಲವೆಂದು 2011ರಲ್ಲಿಯೇ ತೀರ್ಪಾಗಿದೆ.

ಹಣದ ಮಾತು ಚಿಕ್ಕದು. ಮುಂಗಡ ಕೊಟ್ಟು ಬರೆಸಿಕೊಂಡ ಕ್ರಯದ ಕರಾರಿನಿಂದ ಮನೆ ಯಾರದೂ ಆಗುವುದಿಲ್ಲ. ಕ್ರಯ ಮಾಡಿಸಿಕೊಡೆಂದು ಕೇಳುವ ಹಕ್ಕು ಮಾತ್ರ ಬರುತ್ತದೆ, ಅದನ್ನೂ ಮೂರು ವರ್ಷಗಳೊಳಗೆ ಕೇಳಬೇಕು. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಉಪಕರ ಅಧಿಭಾರಗಳು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ. 1 ಇದ್ದುದು ಶೇ. 2 ಆಗಿದೆ. ಈ ಭಾರಕ್ಕೆ ಹೆದರಿ ಮಾರ್ಗಸೂಚಿ ದರವನ್ನಷ್ಟೇ ಪತ್ರದಲ್ಲಿ ಕಾಣಿಸಿ ಮಿಕ್ಕುದನ್ನು ನಗದಾಗಿ ಕೊಡುವ ಚಾಳಿ ಇಲ್ಲಿಯೂ ಉಂಟು. 20,000 ರೂಪಾಯಿಗೆ ಮೇಲೆ ನಗದು ಪಡೆದ ಮಾರುವವನು ಅಷ್ಟೇ ಮೊತ್ತದ ದಂಡಕ್ಕೆ ಗುರಿಯಾಗಬಹುದು; ವ್ಯವಹಾರ ಮುರಿದುಬಿದ್ದರೆ ಕೊಂಡವನಿಗೆ ಪತ್ರದಲ್ಲಿ ಕಾಣಿಸಿದಷ್ಟೇ ಹಿಂದಿರುಗುವುದು. ಉಳಿಸಿದ ಶುಲ್ಕ ಒಬ್ಬನದು, ಅಪಾಯ ಇಬ್ಬರದು. ಮಾರಾಟದ ಲಾಭದಿಂದ ಗೊತ್ತಾದ ಅವಧಿಯೊಳಗೆ ಇನ್ನೊಂದು ಮನೆಯನ್ನು ಕೊಂಡರೆ ತೆರಿಗೆಯ ವಿನಾಯಿತಿ ಉಂಟಾದುದರಿಂದ, ಹಳೆಯ ಮನೆ ಮಾರಿ ಹೊಸದನ್ನು ಕಟ್ಟಿಕೊಳ್ಳುವವನಿಗೆ ಕಪ್ಪುಹಣದ ಅವಶ್ಯಕತೆಯೇ ಇಲ್ಲ.

ಕೊನೆಗೆ, ಮಾರುವ ಕೊಳ್ಳುವ ಮಾತೇ ಇಲ್ಲದೆ, ಇರುವ ಮನೆ ತನ್ನದೆಂದು ತೋರಿಸಿಕೊಳ್ಳುವುದೇ ಪ್ರಶ್ನೆಯಾಗಿರುವವರ ಸಂಗತಿ. ಮ್ಯಾಸನಾಯಕರ ಹಟ್ಟಿಗಳು, ಕಾಡುಗೊಲ್ಲರ ಗೊಲ್ಲರಹಟ್ಟಿಗಳು, ಲಂಬಾಣಿ ತಾಂಡಾಗಳು ಈ ಎರಡು ತಾಲ್ಲೂಕುಗಳಲ್ಲಿ ಮೂಲಗ್ರಾಮಗಳಿಂದ ದೂರದಲ್ಲಿ, ಖಾಸಗಿಯೋ ಸರ್ಕಾರಿಯೋ ಆದ ಜಮೀನುಗಳ ಮೇಲೆ ತಲೆಮಾರುಗಳಿಂದ ನಿಂತಿವೆ. ಪಹಣಿಯಲ್ಲಿ ಆ ನೆಲ ಇನ್ನೊಬ್ಬರದೋ ಸರ್ಕಾರದ್ದೋ ಆಗಿದ್ದುದರಿಂದ ಅಲ್ಲಿಯ ಮನೆಗಳಿಗೆ ಖಾತೆಯಿಲ್ಲ, ಸಾಲವಿಲ್ಲ, ಮಾರಾಟವಂತೂ ಇಲ್ಲ. 2017ರ ಸುಮಾರಿಗೆ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ, ದಾಖಲೆಯಿಲ್ಲದ ಇಂತಹ ವಸತಿಗಳಲ್ಲಿ ವಾಸಿಸುವವನೇ ಮನೆಯಡಿಯ ನೆಲದ ಒಡೆಯನೆಂದು ಒಪ್ಪಿಕೊಂಡು, ಹಟ್ಟಿ ತಾಂಡಾಗಳನ್ನು ಕಂದಾಯ ಗ್ರಾಮಗಳಾಗಿ ಮಾಡುವುದಕ್ಕೆ ದಾರಿ ತೆರೆಯಿತು. 2025ರ ಮೇ ತಿಂಗಳಿನಲ್ಲಿ ಹೊಸಪೇಟೆಯಲ್ಲಿ ರಾಜ್ಯದ ಒಂದು ಲಕ್ಷಕ್ಕೂ ಮೀರಿದ ಕುಟುಂಬಗಳಿಗೆ ಹಕ್ಕುಪತ್ರಗಳನ್ನು ಹಂಚಲಾಯಿತು. ನೂರಾರು ಶಾಸನಗಳಲ್ಲಿ ಸ್ವಾಧೀನಕ್ಕೆ ಪತ್ರವೇ ತಲೆಬಾಗಿದ ಉದಾಹರಣೆ ಇದೊಂದನ್ನೇ ನಾವು ಮನಸಾರೆ ಮೆಚ್ಚಬಲ್ಲೆವು. ಆದರೆ ಹಕ್ಕುಪತ್ರ ಕೈಗೆ ಬಂದ ದಿನ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟರೆ ಕೆಲಸ ಮುಗಿಯದು. ಹಟ್ಟಿಗಳಲ್ಲಿ ಓದಿದ ಹುಡುಗ ಹುಡುಗಿಯರು ಮನೆಮನೆಗೆ ಹೋಗಿ ಆ ಪತ್ರವನ್ನು ಬಿಚ್ಚಿಸಿ, ಹೆಸರು, ಅಳತೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಸರಿಯಿವೆಯೇ ಎಂದು ಗಟ್ಟಿಯಾಗಿ ಓದಿ ಹೇಳಲಿ. ತಪ್ಪಿದ್ದರೆ ತಿದ್ದುಪಡಿಗೆ ಈಗಲೇ ತಹಶೀಲ್ದಾರರಿಗೆ ಅರ್ಜಿ ಬರೆದುಕೊಡಲಿ. ಪಂಚಾಯಿತಿಯಲ್ಲಿ ಇ-ಸ್ವತ್ತು ಮಾಡಿಸಿಕೊಡಲಿ. ಚೆಕ್ಕುಬಂದಿಯನ್ನು ಕಣ್ಣಾರೆ ಕಂಡು ಹೇಳಬಲ್ಲ ಹಿರಿಯರು ಇನ್ನೂ ಬದುಕಿರುವಾಗಲೇ ಈ ಕೆಲಸ ಆಗಬೇಕು.